ವಾಕಿಂಗ್ ಆಯಿತು ಸರಿ, ಉಳಿದ ಹತ್ತು ಗಂಟೆ?

ಮಾನ್ಯ ಸಂಪಾದಕರೇ,

ಆರೋಗ್ಯದ ಮಾತು ಬಂದಾಗಲೆಲ್ಲ ಪತ್ರಿಕೆಗಳು ‘ದಿನಕ್ಕೆ ಅರ್ಧ ಗಂಟೆ ನಡೆಯಿರಿ’ ಎಂದು ಬರೆಯುತ್ತವೆ. ಒಳ್ಳೆಯ ಸಲಹೆಯೇ. ಆದರೆ ಬೆಳಿಗ್ಗೆ ವಾಕಿಂಗ್ ಮುಗಿಸಿ, ಆಮೇಲೆ ಆಫೀಸಿನ ಕುರ್ಚಿ, ವಾಹನದ ಸೀಟು, ಮನೆಯ ಸೋಫಾ ಎಂದು ಹತ್ತು ಗಂಟೆ ಕೂರುವವರು ‘ನನ್ನ ವ್ಯಾಯಾಮ ಆಯಿತಲ್ಲ’ ಎಂದು ನಿಶ್ಚಿಂತರಾಗಿಬಿಡುತ್ತಾರೆ. ವ್ಯಾಯಾಮ ಸಾಲದಿರುವುದು ಒಂದು ತೊಂದರೆ, ಎಡೆಬಿಡದೆ ಕೂರುವುದು ಇನ್ನೊಂದು. ಅರ್ಧ ಗಂಟೆಯ ನಡಿಗೆಯಿಂದ ಮೊದಲನೆಯದಕ್ಕೆ ಮದ್ದು ಮಾಡಿದರೆ ಎರಡನೆಯದು ತಾನಾಗಿ ಪೂರ್ತಿ ವಾಸಿಯಾಗುವುದಿಲ್ಲ. ನಿಮ್ಮ ಆರೋಗ್ಯ ಪುಟ ಈ ಎರಡನೆಯದನ್ನೂ ಹೇಳಬೇಕೆಂದು ಕೋರಿ ಈ ಪತ್ರ.

ವಿಷಯ ಹೊಸದಲ್ಲ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯ ಬಗ್ಗೆ ಸಂಶೋಧಕ ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲೇ ವರದಿ ಪ್ರಕಟಿಸಿದ್ದರು. ದಿನವಿಡೀ ಕೂತು ಬಸ್ ಓಡಿಸುವ ಚಾಲಕರಿಗಿಂತ, ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆಯಿತ್ತು. ಕಂಡಕ್ಟರುಗಳ ಓಡಾಟ ಕೆಲಸದ ಹೊತ್ತಿನಲ್ಲೇ, ದಿನವಿಡೀ ಹರಡಿಕೊಂಡಿತ್ತು ಎಂಬುದನ್ನು ಗಮನಿಸಬೇಕು.

ಕೂತಾಗ ದೇಹದೊಳಗೆ ಏನಾಗುತ್ತದೆ? ತೊಡೆ, ಪೃಷ್ಠ, ಮೀನಖಂಡದ ದೊಡ್ಡ ಸ್ನಾಯುಗಳು ಹೆಚ್ಚುಕಡಿಮೆ ಸುಮ್ಮನಾಗುತ್ತವೆ. ಊಟದ ನಂತರ ರಕ್ತಕ್ಕೆ ಬರುವ ಗ್ಲೂಕೋಸಿನ ದೊಡ್ಡ ಪಾಲನ್ನು ಎಳೆದುಕೊಳ್ಳಬೇಕಾದವು ಸ್ನಾಯುಗಳು. ಸ್ನಾಯು ಸಂಕುಚಿಸಿದಾಗ ಇನ್ಸುಲಿನ್ನಿಗೆ ಕಾಯದೆಯೂ ಗ್ಲೂಕೋಸ್ ಒಳಗೆಳೆದುಕೊಳ್ಳುತ್ತದೆ. ಸುಮ್ಮನಿದ್ದಾಗ ಆ ದಾರಿ ಮುಚ್ಚಿ, ಪೂರ್ತಿ ಹೊರೆ ಇನ್ಸುಲಿನ್ನಿನ ಮೇಲೆ ಬೀಳುತ್ತದೆ. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ತೂಕ ಹೆಚ್ಚಿರುವ ವಯಸ್ಕರನ್ನು ಒಂದು ದಿನ ಐದು ಗಂಟೆ ಒಂದೇ ಸಮನೆ ಕೂರಿಸಿದರು, ಇನ್ನೊಂದು ದಿನ 20 ನಿಮಿಷಕ್ಕೊಮ್ಮೆ ಎಬ್ಬಿಸಿ ಎರಡೇ ನಿಮಿಷ ನಡೆಸಿದರು. ನಡೆದ ದಿನ ಆಹಾರದ ನಂತರದ ಗ್ಲೂಕೋಸ್ ಏರಿಕೆ ಸುಮಾರು ಕಾಲು ಭಾಗ ತಗ್ಗಿತ್ತು. ನಿಧಾನದ ನಡಿಗೆಗೂ ಈ ಫಲ ಸಿಕ್ಕಿತು, ಬೆವರಬೇಕಾಗಿರಲಿಲ್ಲ.

ಎರಡನೆಯದು ಕಾಲಿನ ರಕ್ತನಾಳ. ಪಾದದಿಂದ ರಕ್ತ ಮೇಲೇರುವುದು ಮೀನಖಂಡ ಹಿಂಡಿದಾಗ. ಪ್ರತಿ ಹೆಜ್ಜೆಗೂ ಸ್ನಾಯು ಅಭಿಧಮನಿಯನ್ನು (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ) ಅದುಮುತ್ತದೆ, ಒಳಗಿನ ಪುಟ್ಟ ಕವಾಟಗಳು ರಕ್ತ ಹಿಂದಕ್ಕೆ ಇಳಿಯದಂತೆ ತಡೆಯುತ್ತವೆ. ಕಾಲು ಅಲುಗದಿದ್ದರೆ ಈ ಪಂಪು ನಿಂತು ರಕ್ತ ಕೆಳಗೇ ತಂಗುತ್ತದೆ. ಸಂಜೆ ಕಾಲುಚೀಲ ತೆಗೆದಾಗ ಕಣಕಾಲಿನ ಸುತ್ತ ಆಳವಾದ ಗೆರೆ ಉಳಿದಿರುವುದಕ್ಕೆ ಇದೂ ಒಂದು ಕಾರಣ. ಇದರ ಅತಿರೇಕವೂ ದಾಖಲಾಗಿದೆ. 1940ರಲ್ಲಿ ಲಂಡನ್ನಿನ ಬಾಂಬ್ ದಾಳಿಯ ಕಾಲಕ್ಕೆ ಆಶ್ರಯತಾಣಗಳಲ್ಲಿ ರಾತ್ರಿಯಿಡೀ ಕುರ್ಚಿಯಲ್ಲೇ ಕೂತು ಕಳೆದವರಲ್ಲಿ ಕೆಲವರು, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಸಿಕ್ಕಿ ಸತ್ತರು. ಕುರ್ಚಿಯ ಮುಂದಿನ ಅಂಚು ತೊಡೆಯ ಹಿಂಭಾಗವನ್ನು ಒತ್ತುತ್ತಿದ್ದುದನ್ನು ಕೀತ್ ಸಿಂಪ್ಸನ್ ಎಂಬ ವೈದ್ಯರು ಎತ್ತಿ ತೋರಿಸಿದರು. ಆದ್ದರಿಂದ ಕುರ್ಚಿಯ ಎತ್ತರ ಬರೀ ಬೆನ್ನಿನ ಪ್ರಶ್ನೆಯಲ್ಲ. ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ತೂರುವಷ್ಟು ಜಾಗ ಇರಬೇಕು.

ಹಾಗಾದರೆ ಮಾಡುವುದೇನು? ಅರ್ಧ ಗಂಟೆಗೊಮ್ಮೆ ಎದ್ದು ಎರಡರಿಂದ ಐದು ನಿಮಿಷ ನಡೆಯಿರಿ. ಜಾಗ ಬಿಟ್ಟು ಹೋಗಲಾಗದಿದ್ದರೆ ಮೇಜು ಹಿಡಿದು ನಿಂತು ಹಿಮ್ಮಡಿಯನ್ನು 20 ಸಲ ಎತ್ತಿ ಇಳಿಸಿ, ಕೈಯೂರದೆ ಕುರ್ಚಿಯಿಂದ 10 ಸಲ ಎದ್ದು ಕೂರಿ. ಎಲ್ಲಕ್ಕಿಂತ ಮುಖ್ಯವಾದುದು ಊಟದ ನಂತರದ ಹೊತ್ತು. ಹತ್ತು ನಿಮಿಷ ನಡೆದೇ ಕೂರಿ. ಹೆಚ್ಚಿನವರು ಸೋಲುವುದು ಅಲಾರಂ ನಂಬಿ. ಮೊದಲ ವಾರ ಏಳುತ್ತಾರೆ, ಎರಡನೆಯ ವಾರ ಅದನ್ನು ಒತ್ತಿ ನಿಲ್ಲಿಸುವುದೇ ಅಭ್ಯಾಸವಾಗುತ್ತದೆ. ಅದರ ಬದಲು ಹೇಗೂ ಮಾಡುವ ಕೆಲಸಕ್ಕೆ ಗಂಟು ಹಾಕಿ: ಫೋನ್ ಬಂದರೆ ಎದ್ದು ಮಾತಾಡುವುದು, ದೊಡ್ಡ ಬಾಟಲಿ ಬಿಟ್ಟು ಸಣ್ಣ ಲೋಟವನ್ನು ಪದೇಪದೇ ತುಂಬಿಸಿಕೊಳ್ಳುವುದು, ಪ್ರಿಂಟರನ್ನು ದೂರದ ಮೂಲೆಯಲ್ಲಿಡುವುದು. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ತಟ್ಟನೆ ಎದ್ದರೆ ತಲೆ ಸುತ್ತಬಹುದು. ಮೊದಲು ಪಾದ ಆಡಿಸಿ, ಆಮೇಲೆ ಏಳಬೇಕು.

ನಿಂತು ಕೆಲಸ ಮಾಡುವ ಮೇಜನ್ನು ಪರಿಹಾರವೆಂದು ಕೊಳ್ಳುವವರಿಗೆ ಒಂದು ಮಾತು. ಮಂಡಿ ಬಿಗಿಹಿಡಿದು ಅಲುಗದೆ ನಿಂತರೂ ಮೀನಖಂಡದ ಪಂಪು ಸರಿಯಾಗಿ ನಡೆಯುವುದಿಲ್ಲ. ಗಂಟೆಗಟ್ಟಲೆ ಹಾಗೆ ನಿಂತರೆ ಕಾಲಿನ ಅಭಿಧಮನಿಗಳು ಉಬ್ಬುವ ತೊಂದರೆ (ವೆರಿಕೋಸ್ ವೇನ್) ಹೆಚ್ಚುತ್ತದೆ. ಬೇಕಿರುವುದು ಚಲನೆ.

‘ಕೂರುವುದು ಧೂಮಪಾನದಷ್ಟೇ ಕೆಟ್ಟದ್ದು’ ಎಂಬ ಶೀರ್ಷಿಕೆಯನ್ನು ಮಾತ್ರ ದಯವಿಟ್ಟು ಹಾಕಬೇಡಿ. ಧೂಮಪಾನದ ಹಾನಿ ಬಹಳ ದೊಡ್ಡದು, ಹೋಲಿಕೆ ತಪ್ಪು. ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ 60ರಿಂದ 75 ನಿಮಿಷ ಚುರುಕಾಗಿ ನಡೆಯುವಷ್ಟು ಶ್ರಮ ಪಡುವವರಲ್ಲಿ, ಎಂಟು ಗಂಟೆ ಕೂರುವುದರಿಂದ ಹೆಚ್ಚುವ ಸಾವಿನ ಅಪಾಯ ಬಹುಮಟ್ಟಿಗೆ ಇಲ್ಲವಾಗುತ್ತದೆ. ಅಷ್ಟು ಸಮಯ ಸಿಗದ ಬಹುಪಾಲು ಜನರಿಗೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಸಮಾಧಾನದ ಸುದ್ದಿ ಕೊಟ್ಟಿದೆ. ಒಮ್ಮೆಗೆ ಕನಿಷ್ಠ 10 ನಿಮಿಷ ಮಾಡಿದರಷ್ಟೇ ಲೆಕ್ಕ ಎಂಬ ಹಳೆಯ ಷರತ್ತನ್ನು ಅದು ಕೈಬಿಟ್ಟಿದೆ. ಎರಡು ನಿಮಿಷದ ಚುರುಕು ನಡಿಗೆಯೂ ಅದು ಹೇಳುವ ವಾರದ ಕನಿಷ್ಠ 150 ನಿಮಿಷದ ವ್ಯಾಯಾಮದ ಲೆಕ್ಕಕ್ಕೆ ಸೇರುತ್ತದೆ.

ಕೊನೆಯದಾಗಿ, ತಪ್ಪದೆ ಪ್ರಕಟಿಸಬೇಕಾದ ಒಂದು ಎಚ್ಚರಿಕೆ. ದೀರ್ಘ ಪ್ರಯಾಣದ ನಂತರವೋ ದಿನಗಟ್ಟಲೆ ಕೂತ ಮೇಲೋ ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ತಿಕ್ಕಬೇಡಿ, ಮಸಾಜ್ ಮಾಡಿಸಬೇಡಿ. ಹೆಪ್ಪುಗಟ್ಟಿದ ರಕ್ತವಿದ್ದರೆ ಅದು ಕಳಚಿಕೊಳ್ಳಬಹುದು. ಅದೇ ದಿನ ವೈದ್ಯರಿಗೆ ತೋರಿಸಿ. ಜೊತೆಗೆ ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ.

ಇತಿ,
ಒಬ್ಬ ಫಿಸಿಯೋಥೆರಪಿಸ್ಟ್