ಪಕ್ಕದ ಕುರ್ಚಿ

ಪ್ರೀತಿಯ ಅಪ್ಪ, ಅಮ್ಮ,

ನಾನಿಲ್ಲಿ ಚೆನ್ನಾಗಿದ್ದೇನೆ. ಕಳೆದ ವಾರ ಫೋನಿನಲ್ಲಿ ಸರಿಯಾಗಿ ಮಾತಾಡಲಿಲ್ಲ ಅಂತ ಅಮ್ಮನಿಗೆ ಬೇಜಾರಾಗಿದೆ, ಗೊತ್ತು. ಅವತ್ತು ನಮ್ಮ ಮೇಡಂ ಬೀಳ್ಕೊಡುಗೆ ಇತ್ತು. ಅತ್ತು ಅತ್ತು ಗಂಟಲು ಕಟ್ಟಿತ್ತು. ಅದಕ್ಕೇ ಈ ಕಾಗದ.

ನಾನು ಶನಿವಾರ ಕೆಲಸಕ್ಕೆ ಹೋಗುವ ಸೇವಾ ಸಂಸ್ಥೆ ಇದೆಯಲ್ಲ, ಅದರ ಡೈರೆಕ್ಟರ್ ಅವರು. ಇಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಬಾಯಿ ಬರುವುದಿಲ್ಲ, ಮೇಡಂ ಅಂತಲೇ ಅನ್ನುತ್ತೇನೆ.

ಅಪ್ಪ, ಇದು ಎಂಥ ಸಂಸ್ಥೆ ಅಂತ ಕೇಳಿದ್ದಿರಿ. 1964ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಬಡತನದ ಮೇಲೆ ಸಮರ ಸಾರಿದರು. ಆ ವರ್ಷ ಬಂದ ಕಾನೂನಿನಿಂದ ಅಮೆರಿಕದ ಉದ್ದಗಲಕ್ಕೂ ಇಂಥ ಸಂಸ್ಥೆಗಳು ಹುಟ್ಟಿಕೊಂಡವು. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಬಿಲ್ ಕಟ್ಟಲಾಗದವರು, ಬಾಡಿಗೆ ಬಾಕಿ ಉಳಿದವರು ನಮ್ಮಲ್ಲಿಗೆ ಬರುತ್ತಾರೆ. ನನಗೆ ತುಂಬಾ ಹಿಡಿಸಿದ್ದು ಒಂದು ನಿಯಮ. ಸಂಸ್ಥೆ ನಡೆಸುವ ಮಂಡಳಿಯಲ್ಲಿ ಮೂರರಲ್ಲೊಂದು ಪಾಲಾದರೂ ಬಡವರು ಆರಿಸಿದ ಪ್ರತಿನಿಧಿಗಳೇ ಇರಬೇಕು. ಸುಮ್ನೆ ಹೆಸರಿಗೆ ಕೂರಿಸಿದರೆ ಏನು ಬಂತು, ಅಲ್ವಾ? ಮೇಡಂ ಪ್ರತಿ ಸಭೆಯಲ್ಲೂ ಮೊದಲು ಅವರ ಮಾತೇ ಕೇಳುತ್ತಿದ್ದರು.

ನಾನು ಸೇರಿದ ಹೊಸದರಲ್ಲಿ ಒಂದು ತಪ್ಪು ಮಾಡಿದ್ದೆ. ಬಿಲ್ ಹಿಡಿದು ಬಂದ ವಯಸ್ಸಾದವರೊಬ್ಬರನ್ನು ಮೇಜಿನ ಆ ಕಡೆ ನಿಲ್ಲಿಸಿ, "ಆದಾಯದ ಪುರಾವೆ ಎಲ್ಲಿ?" ಅಂತ ಜೋರಾಗಿ ಕೇಳಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವರು ಬಿಲ್ಲನ್ನು ಮಡಿಚಿದರು, ಇನ್ನೊಮ್ಮೆ ಮಡಿಚಿದರು, ಚಿಕ್ಕದಾಗಿ ಮಾಡಿ ಜೇಬಿಗೆ ಹಾಕಿಕೊಂಡು ಹೊರಟೇಬಿಟ್ಟರು. ಮೇಡಂ ಬಾಗಿಲವರೆಗೂ ಹೋಗಿ ಕರೆತಂದರು. ಅವರ ಪಕ್ಕಕ್ಕೇ ಕುರ್ಚಿ ಎಳೆದು ಕೂತರು. ಮೊದಲು ಹೆಸರು ಕೇಳಿದರು, ಆಮೇಲೆ ಮನೆಯವರ ಕ್ಷೇಮ. ಫಾರಂ ಹೊರಗೆ ಬಂದದ್ದು ಹತ್ತು ನಿಮಿಷ ಕಳೆದ ಮೇಲೆ.

ನನ್ನನ್ನು ಒಂದು ಮಾತೂ ಬೈಯಲಿಲ್ಲ. ಮುಂದಿನ ಶನಿವಾರ ಹೋದರೆ ನನ್ನ ಮೇಜು ಗೋಡೆಗೆ ಒರಗಿತ್ತು. ಎರಡು ಕುರ್ಚಿ ಒಂದೇ ಕಡೆ, ಅಕ್ಕಪಕ್ಕ. ಅವತ್ತಿನಿಂದ ನಾನು ಹಾಗೇ ಕೂರುತ್ತೇನೆ.

ಬೀಳ್ಕೊಡುಗೆಯಲ್ಲಿ ದೊಡ್ಡವರ ಭಾಷಣ ಜಾಸ್ತಿಯೇ ಆಯಿತು. ಫಲಕ ಕೊಟ್ಟರು, ಫೋಟೋ ತೆಗೆದರು. ಕೊನೆಗೆ ಮಂಡಳಿಯ ಸದಸ್ಯೆಯೊಬ್ಬರು ಎದ್ದರು. ಕೈಯಲ್ಲಿ ಹಳೆಯ ಕಾಗದ. ಎಷ್ಟೋ ವರ್ಷದ ಹಿಂದೆ ಕರೆಂಟ್ ಕತ್ತರಿಸುವ ನೋಟಿಸ್ ಹಿಡಿದು ಬಂದಾಗ ತುಂಬಿದ ಫಾರಮ್ಮಿನ ಪ್ರತಿ ಅದು. ಅಂಚಿನಲ್ಲಿ ಮೇಡಂ ಪೆನ್ಸಿಲಿನಲ್ಲಿ ಬರೆದಿದ್ದರಂತೆ: "ಕೊನೆಯ ಬಸ್ ಐದಕ್ಕೆ. ಮಗು ಜೊತೆಗಿದೆ. ಇವರದ್ದು ಮೊದಲು ಮುಗಿಸಿ." ಅಷ್ಟು ಓದಿ ಅವರಿಗೆ ಮುಂದೆ ಮಾತು ಹೊರಡಲಿಲ್ಲ. ಮೇಡಂ ವೇದಿಕೆಯಿಂದ ಇಳಿದು ಬಂದು ಅವರ ಪಕ್ಕದ ಕುರ್ಚಿಯಲ್ಲಿ ಕೂತರು. ಆಗ ನನಗೂ ತಡೆಯಲಾಗಲಿಲ್ಲ, ಅಮ್ಮ.

ಹೊರಡುವಾಗ ಕಚೇರಿಯ ಒಂದು ಬೀಗದಕೈ ನನ್ನ ಕೈಗಿಟ್ಟರು. ಇನ್ನು ಮೇಲೆ ಶನಿವಾರ ಬಾಗಿಲು ತೆಗೆಯುವುದು ನನ್ನ ಕೆಲಸ. ನಾಳೆ ಎಂಟಕ್ಕೇ ಅಲ್ಲಿರಬೇಕು, ಚಳಿಗೆ ಜನ ಬೇಗ ಬಂದು ಹೊರಗೆ ನಿಂತಿರುತ್ತಾರೆ. ಭಾನುವಾರ ಫೋನ್ ಮಾಡುತ್ತೇನೆ.

ನಿಮ್ಮ ಪ್ರೀತಿಯ ಮಗಳು