ಹಲ್ಲಿನ ಕ್ಲಿಪ್‌ಗೆ ಮದುವೆ ಮುಹೂರ್ತವೇಕೆ?

ಮಾನ್ಯರೇ,

ನಮ್ಮಲ್ಲಿ ಹೆಣ್ಣುಮಕ್ಕಳ ಉಬ್ಬುಹಲ್ಲು ನೆನಪಾಗುವುದು ಗಂಡು ನೋಡಲು ಶುರು ಮಾಡಿದಾಗ. ಗಂಡುಮಕ್ಕಳದ್ದು ನೆನಪಾಗುವುದೇ ಇಲ್ಲ! ಕ್ಲಿಪ್‌ಗೆ ಸಾಮಾನ್ಯವಾಗಿ ಒಂದೂವರೆ–ಎರಡು ವರ್ಷ ಬೇಕು. ತಂತಿಯ ಒತ್ತಡಕ್ಕೆ ಹಲ್ಲಿನ ಒಂದು ಬದಿಯ ಮೂಳೆ ಕರಗಿ, ಇನ್ನೊಂದು ಬದಿಯಲ್ಲಿ ಹೊಸದು ಬೆಳೆಯಬೇಕಲ್ಲ. 7ನೇ ವಯಸ್ಸಿಗೇ ಒಮ್ಮೆ ತೋರಿಸಿ ಎನ್ನುತ್ತದೆ ಅಮೆರಿಕದ ಆರ್ಥೊಡಾಂಟಿಸ್ಟರ (ವಕ್ರ ಹಲ್ಲು ಸರಿಪಡಿಸುವ ದಂತವೈದ್ಯರ) ಸಂಘ. ತೋರಿಸಿದ ಮಾತ್ರಕ್ಕೆ ಆಗಲೇ ಕ್ಲಿಪ್ ಹಾಕಬೇಕೆಂದಲ್ಲ.

ವಸಡು, ಮೂಳೆ ಗಟ್ಟಿಯಿದ್ದರೆ ದೊಡ್ಡವರಿಗೂ ಹಾಕುತ್ತಾರೆ. ನಾನು 43ಕ್ಕೆ ಹಾಕಿಸಿಕೊಂಡೆ. ಚಕ್ಕುಲಿ ಬಿಟ್ಟೆ, ಸೀಬೆಹಣ್ಣು ಹೆಚ್ಚಿಕೊಂಡು ತಿಂದೆ. ತಂತಿಗೆ ಸಿಕ್ಕ ಸೊಪ್ಪು ತೆಗೆಯಲು ಬ್ಯಾಗಿನಲ್ಲಿ ಸದಾ ಬ್ರಷ್. ಕ್ಲಿಪ್ ತೆಗೆದ ಮೇಲೆ ಹಲ್ಲು ಮತ್ತೆ ಸರಿಯದಂತೆ ಹಿಡಿದಿಡುವ ರಿಟೈನರ್ ಹಾಕದೆ ಉದಾಸೀನ ಮಾಡಿದ್ದು ಮಾತ್ರ ನನ್ನದೇ ತಪ್ಪು: ಎಂಟೇ ತಿಂಗಳಲ್ಲಿ ಕೆಳಗಿನ ಎರಡು ಹಲ್ಲು ಮತ್ತೆ ಒಂದರ ಮೇಲೊಂದು ಏರಿವೆ.

– ಶಾಲಾ ಶಿಕ್ಷಕಿ, ಹಾಸನ