ಲಿವರ್ ಕಸಿ ಆದ ಮಕ್ಕಳ ರಕ್ತಪರೀಕ್ಷೆ ನಮ್ಮ ಜಿಲ್ಲೆಯಲ್ಲೇ ಆಗಲಿ

ಸಂಪಾದಕರಿಗೆ ನಮಸ್ಕಾರ,

ಮಗುವಿಗೆ ಲಿವರ್ ಕಸಿ ಆಯಿತು, ಅಪ್ಪನೇ ಲಿವರ್ ಕೊಟ್ಟರು ಅಂತ ಪೇಪರ್‌ನಲ್ಲಿ ಆಗಾಗ ಫೋಟೊ ಸಮೇತ ಬರುತ್ತದೆ. ಓದಿದಾಗೆಲ್ಲ ಖುಷಿಯಾಗುತ್ತದೆ. ಆದರೆ ಆ ಮಗು ಊರಿಗೆ ಬಂದ ಮೇಲೆ ಹೇಗಿದೆ, ಶಾಲೆಗೆ ಹೋಗುತ್ತಿದೆಯಾ, ಮಾತ್ರೆ ಎಲ್ಲಿ ಸಿಗುತ್ತದೆ ಅಂತ ಯಾರೂ ಬರೆಯುವುದಿಲ್ಲ. ಲಿವರ್ ಕಸಿ ಆದ ನನ್ನ ಮಗಳಿಗೆ ಈಗ 9 ವರ್ಷ. ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ಹುಟ್ಟಿದಾಗ ಅವಳ ಕಣ್ಣು ಹಳದಿ ಇತ್ತು. ಕಾಮಾಲೆ, ಬಿಸಿಲಿಗೆ ಹಿಡಿ, ಹೋಗುತ್ತೆ ಎಂದರು ಎಲ್ಲರೂ. ಮಲ ಸುಣ್ಣದ ಹಾಗೆ ಬೆಳ್ಳಗಿರುತ್ತಿತ್ತು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ನಾನೂ ಹಿಡಿಯಲಿಲ್ಲ. ಪಿತ್ತನಾಳ ಮುಚ್ಚಿಹೋಗಿದೆ ಅಂತ ಗೊತ್ತಾಗುವ ಹೊತ್ತಿಗೆ ಮೂರು ತಿಂಗಳು ಕಳೆದಿತ್ತು. 60 ದಿನದೊಳಗೆ ಗೊತ್ತಾಗಿದ್ದರೆ ಪಿತ್ತ ಹರಿಯಲು ದಾರಿ ಮಾಡುವ ಆಪರೇಷನ್ ಫಲ ಕೊಡುವ ಸಾಧ್ಯತೆ ಜಾಸ್ತಿ ಇತ್ತಂತೆ. ಒಂದೂವರೆ ವರ್ಷಕ್ಕೆ ಅವಳಪ್ಪ ತಮ್ಮ ಲಿವರ್‌ನ ಎಡಭಾಗದ ತುಂಡು ಕೊಟ್ಟರು. ಅವರು ಈಗ ಎಂದಿನಂತೆ ಅಕ್ಕಿ ಮಿಲ್ಲಿಗೆ ಹೋಗುತ್ತಾರೆ. ಇವಳು ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಾಳೆ.

ಬೆಳಿಗ್ಗೆ ಏಳೂವರೆಗೆ ಟ್ಯಾಕ್ರೊಲಿಮಸ್, ಅಂದರೆ ಕಸಿ ಮಾಡಿದ ಲಿವರನ್ನು ದೇಹ ತಳ್ಳಿಹಾಕದಂತೆ ತಡೆಯುವ ಮಾತ್ರೆ, ಸಂಜೆ ಏಳೂವರೆಗೆ ಮತ್ತೆ. 12 ಗಂಟೆಯ ಅಂತರ ತಪ್ಪುವಂತಿಲ್ಲ. ಕಮ್ಮಿಯಾದರೆ ದೇಹ ಲಿವರನ್ನು ತನ್ನದಲ್ಲ ಅಂತ ದೂರ ಮಾಡಲು ನೋಡುತ್ತದೆ, ಜಾಸ್ತಿಯಾದರೆ ಕಿಡ್ನಿಗೆ ಪೆಟ್ಟು. ಹಾಗಾಗಿ ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ ಆಗಾಗ ನೋಡಬೇಕು, ಅದೂ ಬೆಳಗಿನ ಮಾತ್ರೆ ನುಂಗುವ ಮೊದಲೇ ರಕ್ತ ಕೊಡಬೇಕು. ನಾವು ಗಂಗಾವತಿಯಿಂದ ರಾತ್ರಿ ಬಸ್ ಹತ್ತುತ್ತೇವೆ. ಬೆಂಗಳೂರಿನಲ್ಲಿ ಲ್ಯಾಬ್ ಮುಂದೆ ಸಾಲಿನಲ್ಲಿ ಅವಳು ಮಾತ್ರೆ ಡಬ್ಬಿಯನ್ನು ತೊಡೆ ಮೇಲೆ ಇಟ್ಟುಕೊಂಡು ಗಡಿಯಾರ ನೋಡುತ್ತಾ ಕೂತಿರುತ್ತಾಳೆ, "ಅಮ್ಮಾ, ಟೈಮ್ ಆಯ್ತು" ಅಂತ ಅವಳೇ ನನಗೆ ನೆನಪು ಮಾಡುತ್ತಾಳೆ. ಒಮ್ಮೆ ಇಲ್ಲೇ ಒಂದು ಲ್ಯಾಬಿನಲ್ಲಿ ಕೊಟ್ಟು ನೋಡಿದೆವು. ಅವರು ಬೇರೆ ಊರಿಗೆ ಕಳಿಸಿ, ರಿಪೋರ್ಟ್ ಬರಲು ಐದು ದಿನ ಆಯಿತು. ಡಾಕ್ಟರಿಗೆ ಡೋಸ್ ಬದಲಿಸಲು ಅದು ಬಹಳ ತಡ.

ಶಾಲೆಯವರ ಮೇಲೆ ಸಿಟ್ಟಿಲ್ಲ, ಆದರೆ ಹೇಳಲೇಬೇಕು. ಆಟದ ಪೀರಿಯಡ್ ಬಂದರೆ "ಪಾಪ, ನೀನು ಕೂತ್ಕೊ" ಅಂತಾರೆ. ಡಾಕ್ಟರು ಓಡಲಿ, ಆಡಲಿ, ಹೊಟ್ಟೆಗೆ ಪೆಟ್ಟು ಬೀಳದಂತೆ ನೋಡಿಕೊಂಡರೆ ಸಾಕು ಅಂದಿದ್ದಾರೆ. ನಿಜವಾಗಿ ಹೆದರಬೇಕಾದ ವಿಷಯ ಬೇರೆ. ಕಳೆದ ವರ್ಷ ಪಕ್ಕದ ಬೆಂಚಿನ ಹುಡುಗಿಗೆ ಅಮ್ಮ ಬಂದಿತ್ತು, ಅಂದರೆ ಚಿಕನ್‌ಪಾಕ್ಸ್. ಮನೆಯವರು ಬೇವಿನ ಸೊಪ್ಪು ಕಟ್ಟಿ ಸುಮ್ನಿದ್ದರು, ನಮಗೆ ತಿಳಿದಿದ್ದು ನಾಲ್ಕು ದಿನದ ಮೇಲೆ. ಈ ಮಾತ್ರೆ ರೋಗ ತಡೆಯುವ ಶಕ್ತಿಯನ್ನು ತಗ್ಗಿಸುವುದರಿಂದ ಈ ಮಕ್ಕಳಿಗೆ ಅದು ಜೀವಕ್ಕೇ ಬರಬಹುದು, ತಿಳಿದ ದಿನವೇ ಡಾಕ್ಟರಿಗೆ ಫೋನ್ ಮಾಡಬೇಕು. ಚಿಕನ್‌ಪಾಕ್ಸ್ ಲಸಿಕೆಯನ್ನು ಕಸಿ ಆದ ಮೇಲೆ ಸಾಮಾನ್ಯವಾಗಿ ಕೊಡುವುದಿಲ್ಲ, ಸುತ್ತಲಿನ ಮಕ್ಕಳು ಹಾಕಿಸಿಕೊಂಡರೆ ಅದೇ ಇವಳಿಗೂ ಕಾಪು. ಜ್ವರ ಬಂದಾಗ ಪರಿಚಯವಿಲ್ಲದ ಕ್ಲಿನಿಕ್‌ನಲ್ಲಿ ಕೈಗೆ ಬಂದ ಆ್ಯಂಟಿಬಯೋಟಿಕ್ ಕೊಟ್ಟುಬಿಡುತ್ತಾರೆ ಅನ್ನುವುದು ಇನ್ನೊಂದು ಭಯ. ಕೆಲವು ಆ್ಯಂಟಿಬಯೋಟಿಕ್ ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟವನ್ನು ಒಮ್ಮೆಲೇ ಏರಿಸಿಬಿಡುತ್ತವೆ.

ಇವಳಿಗೆ 13, 14 ಆಗುವುದನ್ನು ನೆನೆದರೆ ನನಗೆ ಈಗಲೇ ಚಿಂತೆ. ಆ ವಯಸ್ಸಿನಲ್ಲಿ ಗೆಳತಿಯರ ಮುಂದೆ ಮಾತ್ರೆ ನುಂಗಲು ನಾಚಿಕೆ, ಒಂದೆರಡು ದಿನ ಬಿಟ್ಟರೂ ಹೊರಗೆ ಏನೂ ಗೊತ್ತಾಗುವುದಿಲ್ಲ, ಹಾಗಾಗಿ ಇನ್ನೂ ಬಿಡುತ್ತಾರೆ. ಒಳಗೆ ಲಿವರ್ ಹಾಳಾಗುತ್ತಿರುತ್ತದೆ.

ಹೆದರಿಸಲು ಬರೆಯುತ್ತಿಲ್ಲ. 1998ರಲ್ಲಿ ದೆಹಲಿಯಲ್ಲಿ ಲಿವರ್ ಕಸಿ ಆದ 20 ತಿಂಗಳ ತಮಿಳುನಾಡಿನ ಮಗುವಿಗೂ ಇದೇ ಕಾಯಿಲೆ ಇತ್ತು, ಅವನಿಗೂ ಅಪ್ಪನೇ ಕೊಟ್ಟಿದ್ದು. ನಮ್ಮ ದೇಶದಲ್ಲಿ ಮಕ್ಕಳ ಲಿವರ್ ಕಸಿ ಯಶಸ್ವಿಯಾಗಿದ್ದು ಅದೇ ಮೊದಲು. ಆ ಹುಡುಗ ಈಗ ಸ್ವತಃ ಡಾಕ್ಟರ್. ಈ ಕಥೆಯನ್ನು ಮಗಳಿಗೆ ಎಷ್ಟು ಸಲ ಹೇಳಿದ್ದೇನೋ.

ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಆಪರೇಷನ್ ಇಲ್ಲೇ ಮಾಡಿ ಅಂತ ಕೇಳುತ್ತಿಲ್ಲ. ವಾರಕ್ಕೊಂದು ದಿನ ಬೆಳಿಗ್ಗೆ ರಕ್ತ ತೆಗೆದು ಎರಡು ದಿನದೊಳಗೆ ರಿಪೋರ್ಟ್ ಕೊಡಿ, ಔಷಧಿ ಅಂಗಡಿಯಲ್ಲಿ ಈ ಮಾತ್ರೆ ಖಾಲಿಯಾಗದಂತೆ ಇಡಿ, ಅಷ್ಟೇ. ಕಸಿಗೆ ನೆರವು ಕೊಡುವ ಸರ್ಕಾರ ಮಾತ್ರೆಯನ್ನೂ ಮಗು ದೊಡ್ಡದಾಗುವವರೆಗೆ ಕೊಡಬೇಕಲ್ವಾ?

ಮುಂದಿನ ಪರೀಕ್ಷೆ ಈ ತಿಂಗಳ ಕೊನೆಗೆ ಇದೆ. ಅವಳಿಗೆ ಮತ್ತೆ ಎರಡು ದಿನ ಶಾಲೆ ತಪ್ಪುತ್ತದೆ.

– ಒಬ್ಬ ತಾಯಿ, ಗಂಗಾವತಿ, ಕೊಪ್ಪಳ ಜಿಲ್ಲೆ